ವಾಸಣ್ಣನ ಸೀಟಿ

ಇದು ಕಟ್ಟುಕಥೆ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು, ನನಗೆ ಬೇಸರವಿಲ್ಲ. ಆರು ವರ್ಷ ಕಟ್ಟುಕಥೆ ಬರೆಯುವುದೇ ನನ್ನ ಕೆಲಸವಾಗಿತ್ತು. ಯಾವುದು ನಾನು ಕಟ್ಟಿದ್ದು, ಯಾವುದು ನಿಜವಾಗಿ ಆದದ್ದು ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಪಂಪ್‌ವೆಲ್ ಫ್ಲೈಓವರಿನ ಪಕ್ಕ, ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಟೂರಿಸ್ಟ್ ಆಫೀಸು. ಹೆಸರು ಬರೆಯುವುದಿಲ್ಲ. ಅದಕ್ಕೆ ಮೊದಲು ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆಮಾತು ಕೊಂಕಣಿಯಾದರೂ ಕನ್ನಡ ಬರೆಯಲು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಶಾಲೆ ಮುಚ್ಚಿದಾಗ ಆಫೀಸಿನ ಧಣಿ ಕರೆದು ಬ್ರೋಷರ್ ಬರೆಯುವ ಕೆಲಸ ಕೊಟ್ಟರು. ‘ಕಡಲು-ಕಲ್ಲು’ ಎಂಬುದು ಅಲ್ಲಿನ ದೊಡ್ಡ ಪ್ಯಾಕೇಜು. ಎರಡು ದಿನ ಬೀಚು, ಮೂರು ದಿನ ಹಾಳುಬಿದ್ದ ಕೋಟೆ, ಹಳೆಯ ಗುಡಿ. ಹಂಪಿ, ಬಾದಾಮಿ, ಮಹಾಬಲಿಪುರ, ಕೊನಾರ್ಕ್... ಎಲ್ಲದರ ಬಗ್ಗೆಯೂ ಬರೆದವಳು ನಾನೇ. ಅವುಗಳಲ್ಲಿ ಒಂದನ್ನೂ ಕಣ್ಣಾರೆ ನೋಡಿದವಳಲ್ಲ.

“ಬರೀ ಕಲ್ಲು, ನೀರು ಅಂತ ಬರೆದ್ರೆ ಯಾರು ಬರ್ತಾರೆ ಟೀಚರೇ? ಜಾಗಕ್ಕೊಂದು ಜನ ಹಾಕಿ” ಎನ್ನುತ್ತಿದ್ದರು ಧಣಿ.

ಹಾಕಿದೆ. ಹಂಪಿಗೆ ಮಜ್ಜಿಗೆ ಕೊಡುವ ಅಜ್ಜಿ. ಬಾದಾಮಿಗೆ ಕಣ್ಣು ಮುಚ್ಚಿಕೊಂಡೇ ಗುಹೆ ತೋರಿಸುವ ಮುದುಕ. ಯಾರಿಗೂ ಕೆಡುಕಿಲ್ಲದ ಸುಳ್ಳು. ಅಜ್ಜಿ ಸಿಗದಿದ್ದರೆ ಜನ ಬೇರೆ ಕಡೆ ಮಜ್ಜಿಗೆ ಕುಡಿಯುತ್ತಾರೆ, ಅಷ್ಟೆ.

ಉಳ್ಳಾಲ ದಾಟಿ ತೆಂಕಿಗೆ ಹೋದರೆ ಊರಿನವರು ನೀರಿಗಿಳಿಯದ ಒಂದು ತೀರವಿದೆ. ಅಲ್ಲಿನ ನಾಲ್ಕು ಕಾಟೇಜುಗಳನ್ನು ನಮ್ಮ ಆಫೀಸು ವರ್ಷವಿಡೀ ಹಿಡಿದಿಟ್ಟುಕೊಂಡಿತ್ತು. ಆ ಜಾಗಕ್ಕೆ ನಾನು ಹಾಕಿದ ಜನ ವಾಸಣ್ಣ. ‘ತಲೆಗೆ ಕೆಂಪು ಟೋಪಿ, ಕೊರಳಲ್ಲಿ ಹಿತ್ತಾಳೆಯ ಸೀಟಿ. ಮೂವತ್ತು ವರ್ಷದಿಂದ ಈ ಕಡಲನ್ನು ಕಾಯುತ್ತಿರುವ ಜೀವರಕ್ಷಕ ವಾಸಣ್ಣ ನಿಮ್ಮ ಮಕ್ಕಳನ್ನು ತನ್ನ ಮಕ್ಕಳಂತೆ ನೋಡಿಕೊಳ್ಳುತ್ತಾರೆ.’

ಇನ್ನೊಂದು ಸಾಲೂ ಬರೆದಿದ್ದೆ. ಹಿಂದೊಮ್ಮೆ ಮಗುವೊಂದನ್ನು ಎಳೆದು ತರುವಾಗ ಬಂಡೆಗೆ ಬಡಿದು ವಾಸಣ್ಣನ ಬಲಗಾಲು ಊನವಾಗಿದೆ, ಇಂದಿಗೂ ಆ ಕಾಲನ್ನು ಎಳೆದುಕೊಂಡೇ ನಡೆಯುತ್ತಾರೆ ಎಂದು. ಓದುವವರ ಕರುಳು ಚುರ್ ಎನ್ನಬೇಕಲ್ಲ! ಧಣಿ ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದರು.

“ಕುಂಟ ಲೈಫ್‌ಗಾರ್ಡ್ ಯಾರಿಗೆ ಬೇಕು ಮಾರಾಯ್ರೆ?”

ಇಬ್ಬರೂ ನಕ್ಕೆವು. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ನಿಜವಾದ ಲೈಫ್‌ಗಾರ್ಡ್ ಒಬ್ಬರನ್ನು ಇಡೋಣ ಎಂದು ನಾನು ಹೇಳಲಿಲ್ಲವೇ? ಹೇಳಿದೆ. ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ನನ್ನ ಸಿಟ್ಟು ಧಣಿಯ ಮೇಲೆ ಮಾತ್ರ ಅಲ್ಲ ಎಂದು ನಿಮಗೆ ಗೊತ್ತಿರಲಿ.

ಮಳೆಗಾಲ ಮುಗಿದ ಮೇಲಿನ ಒಂದು ಶನಿವಾರ. ಗೈಡಿಗೆ ಜ್ವರ ಬಂತು. “ಎಲ್ಲ ಬರೆದವರು ನೀವೇ ಅಲ್ವಾ, ನೀವೇ ಹೋಗಿ” ಎಂದು ಧಣಿ ನನ್ನನ್ನು ಬಸ್ಸು ಹತ್ತಿಸಿದರು. ಡ್ರೈವರ್ ಹರೀಶಣ್ಣ. ದಾವಣಗೆರೆ ಕಡೆಯ ಹದಿನೇಳು ಮಂದಿ; ಹೆಚ್ಚಿನವರು ಕಡಲನ್ನೇ ಕಂಡವರಲ್ಲ. ದಾರಿಯಲ್ಲಿ ಟಯರ್ ಪಂಕ್ಚರ್ ಆಗಿ, ಕಾಟೇಜು ಮುಟ್ಟುವಾಗ ಕತ್ತಲಾಗಿತ್ತು. ಚಾ ಕುಡಿಯುವ ತಾಳ್ಮೆ ಯಾರಿಗಿದೆ? ಚಪ್ಪಲಿ ಬಿಸಾಡಿ ಎಲ್ಲರೂ ನೀರಿಗೆ ಓಡಿದರು.

ಏಳು ವರ್ಷದ ಹುಡುಗಿಯೊಬ್ಬಳ ಕೈ ಹಿಡಿದಿದ್ದ ತಂದೆ ಮಾತ್ರ ನನ್ನ ಹತ್ತಿರ ಬಂದರು. ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ನಮ್ಮ ಬ್ರೋಷರು.

“ಮೇಡಂ, ಕತ್ಲಾಗೇತಿ. ಆ ಗಾರ್ಡ್ ಇದಾರಲ್ರೀ?”

ಇಲ್ಲ ಎನ್ನಬೇಕಿತ್ತು. ಒಂದು ಶಬ್ದ. ನನ್ನ ಬಾಯಿಂದ ಬಂದದ್ದು, “ಇಲ್ಲೇ ಎಲ್ಲೋ ಇರ್ತಾರೆ ಸರ್.”

ಅವರು ತಲೆಯಾಡಿಸಿ ಮಗಳನ್ನು ನೀರಿನ ಕಡೆ ಕರೆದುಕೊಂಡು ಹೋದರು. ಹರೀಶಣ್ಣ ನನ್ನ ಮುಖವನ್ನೊಮ್ಮೆ ನೋಡಿ, ಬಸ್ಸಿನ ಕಡೆ ತಿರುಗಿಕೊಂಡರು.

ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಕಾಟೇಜಿನ ದೀಪಗಳೆಲ್ಲ ಆರಿ, ಅಲೆಯ ಬಿಳಿ ನೊರೆ ಬಿಟ್ಟರೆ ಏನೂ ಕಾಣದಾಯಿತು. ಗಾಳಿಯಲ್ಲಿ ಒಣಮೀನಿನ ವಾಸನೆ. ಜನ ನಗುತ್ತಿದ್ದರು, ಕಿರುಚುತ್ತಿದ್ದರು. ಯಾರು ಎಲ್ಲಿದ್ದಾರೆಂದು ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು.

“ಸಾಕು, ಮೇಲೆ ಬನ್ನಿ!” ಎಂದು ಕೂಗಿದೆ. ಯಾರು ಕೇಳುತ್ತಾರೆ? ಗಾರ್ಡ್ ಇದ್ದಾನಲ್ಲ!

ಆಗ ಒಣಮೀನಿನ ವಾಸನೆಯ ನಡುವೆ ಬೇರೊಂದು ವಾಸನೆ ಬಂತು. ಬೀಡಿ... ಜೊತೆಗೆ ತಲೆಗೆ ಹಚ್ಚಿದ ತೆಂಗಿನೆಣ್ಣೆ. ಯಾರೋ ನನ್ನ ಬೆನ್ನ ಹಿಂದೆಯೇ ಹಾದುಹೋದ ಹಾಗೆ. ತಿರುಗಿ ನೋಡಿದೆ. ಯಾರೂ ಇಲ್ಲ.

ಸೀಟಿ ಕೇಳಿತು.

ಉದ್ದಕ್ಕೆ, ಒಂದೇ ಉಸಿರಿನ ಸೀಟಿ. ಕಿವಿ ಸೀಳುವಂಥದ್ದು. ನೀರಿನಲ್ಲಿದ್ದವರೆಲ್ಲ ಶಾಲೆಯ ಗಂಟೆ ಕೇಳಿದ ಮಕ್ಕಳಂತೆ ಒಮ್ಮೆಲೇ ಸುಮ್ಮನಾಗಿ, ಮೇಲೆ ಬರತೊಡಗಿದರು. ಹರೀಶಣ್ಣ ನನ್ನ ಪಕ್ಕಕ್ಕೆ ಬಂದು ನಿಂತು ಪಿಸುಗುಟ್ಟಿದರು.

“ಟೀಚರೇ, ಯಾರು ಊದಿದ್ದು? ಇಲ್ಲಿ ಹತ್ತಿರ ಮನೆ ಎಂತ ಇಲ್ಲ.”

“ಮೊದಲು ತಲೆ ಎಣಿಸಿ” ಎಂದೆ.

ಮೊಬೈಲ್ ಬೆಳಕಿನಲ್ಲಿ ಎಣಿಸಿದೆವು. ಹದಿನಾರು.

ಆ ಹುಡುಗಿ ಇಲ್ಲ. ಮಗಳು ತಂದೆಯ ಹತ್ತಿರ ಇದ್ದಾಳೆಂದು ತಾಯಿ, ತಾಯಿಯ ಹತ್ತಿರ ಇದ್ದಾಳೆಂದು ತಂದೆ ಅಂದುಕೊಂಡಿದ್ದರು. ಆ ತಾಯಿ ಮಗಳ ಹೆಸರು ಹಿಡಿದು ಕೂಗಿದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಆರು ವರ್ಷ ಬೇಕಾದ್ದು ಬೇಡದ್ದು ಎಲ್ಲ ಬರೆದೆ, ಅದೊಂದನ್ನು ಬರೆಯಲಾರೆ.

ಮತ್ತೆ ಸೀಟಿ. ಈ ಸಲ ದೂರದಿಂದ, ಕಡಲ್ಕೊರೆತ ತಡೆಯಲು ಕಲ್ಲು ಪೇರಿಸಿದ ಕಡೆಯಿಂದ. ತುಂಡು ತುಂಡಾಗಿ, ಇಲ್ಲಿ ಬನ್ನಿ, ಇಲ್ಲಿ ಬನ್ನಿ ಎಂದು ಕರೆಯುವ ಹಾಗೆ. ಎಲ್ಲರೂ ಓಡಿದೆವು. ಹರೀಶಣ್ಣ ಟಾರ್ಚು ಹಾಯಿಸಿದರು.

ಎಲ್ಲಕ್ಕಿಂತ ಎತ್ತರದ ಕಲ್ಲಿನ ಮೇಲೆ ಹುಡುಗಿ ಕೂತಿದ್ದಳು. ಫ್ರಾಕು, ಕೂದಲು ಎಲ್ಲ ತೊಯ್ದು ನೀರು ಇಳಿಯುತ್ತಿತ್ತು. ಅಳುತ್ತಿರಲಿಲ್ಲ. ಆ ಕಲ್ಲನ್ನು ದೊಡ್ಡವರೇ ಒಬ್ಬರಿಗೊಬ್ಬರು ಕೈ ಕೊಡದೆ ಹತ್ತುವಂತಿರಲಿಲ್ಲ.

“ಕೆಂಪ್ ಟೋಪಿ ಅಜ್ಜ ಎತ್ತಿ ಕೂರಿಸಿದ್ರು” ಎಂದಳು. “ಅಲ್ಲಾಡ್ಬೇಡ, ಅಮ್ಮ ಬರ್ತಾಳೆ ಅಂದ್ರು.”

“ಎಲ್ಲಿ ಹೋದ್ರವ್ವಾ ಅವರು?” ಎಂದರು ತಂದೆ.

ಹುಡುಗಿ ಕೈ ತೋರಿಸಿದ್ದು ಕಡಲಿನ ಕಡೆಗೆ.

“ಆ ಕಡೆ... ಕುಂಟ್ಕೋತ ಹೋದ್ರು. ಕಾಲು ನೋವಿತ್ತೇನೋ.”

ಟೋಪಿ ಬ್ರೋಷರಿನಲ್ಲಿತ್ತು, ಸರಿ. ಮಗು ಯಾರಿಂದಲೋ ಕೇಳಿರಬಹುದು. ಆದರೆ ಕಾಲು? ಕಾಲಿನ ಸಾಲು ಅಚ್ಚಾಗಲೇ ಇಲ್ಲ. ಅದನ್ನು ಓದಿದವರು ಈ ಭೂಮಿಯ ಮೇಲೆ ಇಬ್ಬರೇ. ನಾನು, ಧಣಿ.

ಆ ತಂದೆ ನನ್ನ ಎರಡೂ ಕೈ ಹಿಡಿದು, “ನಿಮ್ ವಾಸಣ್ಣಗ ನಮ್ ನಮಸ್ಕಾರ ತಿಳಿಸ್ರಿ ಮೇಡಂ” ಎಂದು ಅತ್ತರು. ತಿಳಿಸುತ್ತೇನೆ ಎಂದೆ. ಅಲ್ಲಿಯೂ ಸುಳ್ಳು!

ಸೋಮವಾರ ಆಫೀಸಿಗೆ ಹೋದವಳು ಕೂರಲೂ ಇಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಧಣಿ ಚಾ ಕುಡಿಯುತ್ತಿದ್ದರು.

“ಯಾರೋ ಮೀನಿನವರು ಇದ್ದಿರಬೇಕು. ಮಗು ಉಳಿಯಿತಲ್ಲ, ಬಿಡಿ.”

“ಕಾಲಿನ ವಿಷಯ ನೀವು ಯಾರಿಗಾದರೂ ಹೇಳಿದ್ದೀರಾ?”

“ನಾನು ಯಾಕೆ ಹೇಳ್ಲಿ?” ಎಂದವರು ಅಲ್ಲಿಗೇ ನಿಲ್ಲಿಸಿದರು. ಗ್ಲಾಸು ಮೇಜಿನ ಮೇಲಿಟ್ಟರು. ಈ ಮನುಷ್ಯನಿಗೂ ಈಗ ತಾಗಿತು ಎಂದುಕೊಂಡೆ.

ಧಣಿ ಕರವಸ್ತ್ರದಿಂದ ಹಣೆ ಒರೆಸಿಕೊಂಡು ಹೇಳಿದರು, “ಹಾಗಾದ್ರೆ ಒಳ್ಳೆಯದೇ ಆಯ್ತಲ್ಲ ಟೀಚರೇ. ನಮ್ಮ ಪ್ಯಾಕೇಜಿನ ಉಳಿದ ನಾಲ್ಕು ಬೀಚಿಗೂ ಅವನನ್ನೇ ಹಾಕುವ.”

ನಾನು ಬೈಯುವವಳಲ್ಲ. ಆ ದಿನ ಬೈದೆ. ಕನ್ನಡ ಸಾಲದೆ ಕೊಂಕಣಿಯಲ್ಲೂ ಬೈದೆ. ‘ಇಲ್ಲಿ ಕಾವಲು ಇಲ್ಲ, ನೀರಿಗೆ ಇಳಿಯಬೇಡಿ’ ಎಂದು ಒಂದು ಸಾಲು ಬರೆಯಲು ಬಿಡಿ, ಇಲ್ಲದಿದ್ದರೆ ನಾನು ಹೊರಟೆ ಎಂದೆ. ಹಾಗೆ ಬರೆದರೆ ಯಾರು ಬರುತ್ತಾರೆ ಎಂದರು. ಹೊರಟೆ.

ಸುಮ್ಮನಿರಲಿಲ್ಲ, ಇದನ್ನೆಲ್ಲ ಕೇಳಬೇಕಾದ ಸರಕಾರಿ ಅಧಿಕಾರಿಗಳ ಬಳಿ ಹೋಗಿ ದೂರು ಕೊಟ್ಟೆ. ಈ ಸುಳ್ಳು ಬರೆದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. ಅರ್ಜಿ ಅಲ್ಲೇ ಬಿದ್ದಿದೆ. ಹೊಸ ಬ್ರೋಷರು ಬಂದಿದೆ. ಐದು ತೀರ, ಐದರಲ್ಲೂ ಅದೇ ಕೆಂಪು ಟೋಪಿ.

ನನ್ನ ಮನೆ ಕಾವೂರಿನಲ್ಲಿ. ಕಡಲು ಇಲ್ಲಿಂದ ಎಷ್ಟೋ ದೂರ. ಆದರೂ ಶನಿವಾರ ರಾತ್ರಿ ಕೆರೆಯ ಕಡೆಯ ಕಿಟಕಿ ತೆರೆದರೆ ಕೇಳುತ್ತದೆ... ಮೊದಲು ತೆಂಕಿನಿಂದ. ಸ್ವಲ್ಪ ಹೊತ್ತು ಬಿಟ್ಟು ಬಡಗಿನಿಂದ. ಮತ್ತೆ ತೆಂಕಿನಿಂದ. ಗಂಡನಿಗೆ ಕೇಳಿಸುವುದಿಲ್ಲ. “ಪೊಲೀಸಿನವರದ್ದು ಇರಬೇಕು, ಮಲಗು” ಎನ್ನುತ್ತಾರೆ.

ಹೋದ ಶನಿವಾರದ ಸೀಟಿ ಒಂದೇ ಉಸಿರಿನದಾಗಿರಲಿಲ್ಲ. ಅರ್ಧಕ್ಕೆ ಕಡಿಯಿತು. ಏದುಸಿರು... ಮತ್ತೆ ಕೇಳಿತು, ಮತ್ತೆ ಕಡಿಯಿತು. ಮರುದಿನ ಬೆಳಿಗ್ಗೆ ಹರೀಶಣ್ಣನ ಫೋನು.

“ಟೀಚರೇ, ನಿನ್ನೆ ಬಡಗಿನ ಬೀಚಿನಲ್ಲಿ ಒಬ್ಬ ಹುಡುಗ ನೀರಲ್ಲಿ ಕೊಚ್ಚಿಕೊಂಡು ಹೋಗ್ತಿದ್ದ. ವಿಷಲ್ ಬಂತು. ಆದರೆ ತಡವಾಗಿ ಬಂತು.”

“ಹುಡುಗ?”

“ಉಸಿರು ಉಂಟು. ಆಸ್ಪತ್ರೆಯಲ್ಲಿ ಇದ್ದಾನೆ. ಈ ಶನಿವಾರ ಇನ್ನೂ ಎರಡು ಬಸ್ಸು ಹೊರಡ್ತದೆ, ಟೀಚರೇ.”

ಇವತ್ತು ಶುಕ್ರವಾರ. ಧಣಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ. ನಾಳೆ ಬೆಳಿಗ್ಗೆ ಪಂಪ್‌ವೆಲ್‌ಗೆ ಹೋಗಿ ಬಸ್ಸಿನ ಬಾಗಿಲಲ್ಲಿ ನಿಂತು, ವಾಸಣ್ಣ ಎಂಬವನು ಇಲ್ಲ ಎಂದು ಕೂಗಲಿದ್ದೇನೆ. ಒಂದು ಬಸ್ಸು ನಿಲ್ಲಿಸಬಹುದು. ಇನ್ನೊಂದು ಬೇರೆ ಕಡೆಯಿಂದ ಹೊರಡುತ್ತದೆ.

ಆ ಕೆಂಪು ಟೋಪಿಯ ಬಣ್ಣ ಯೋಚಿಸಲು ಅರ್ಧ ದಿನ ಕಳೆದಿದ್ದೆ. ತೀರದಿಂದ ತೀರಕ್ಕೆ ಓಡಲು ಅವನಿಗೆ ಎರಡು ಗಟ್ಟಿ ಕಾಲು ಕೊಡಬಹುದಿತ್ತು.