ಅಲ್ಲಾಡಿಸದ ಕೊನೆಯ ಗುಡ್ಡೆ

ತೆಂಗಿನಕಾಯಿ ಅಲ್ಲಾಡಿಸುವಾಗ ಅತ್ತೆಯ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಎಲೆ ಅಡಿಕೆಗೆ ಕೆಂಪಾದ ನಾಲಗೆ, ಮುಂದಿನ ಎರಡು ಹಲ್ಲಿನ ನಡುವೆ ಕಡ್ಡಿ ತೂರುವಷ್ಟು ಸಂದು. ಸಿಪ್ಪೆ ಸಮೇತ ಕಾಯನ್ನು ಎಡಗಿವಿಗೆ ಹಿಡಿದು ಎರಡು ಸಲ ಕುಲುಕುತ್ತಿದ್ದಳು. ಮೂರನೇ ಸಲ ಕುಲುಕಿದ್ದನ್ನು ನಾನು ನೋಡಿಲ್ಲ. "ಬಾಯಿ ಮುಚ್ಕಂಡ್ರೆ ಕಿವೀನೂ ಅರ್ಧ ಮುಚ್ಕತದೆ ಕಣವ್ವ" ಅನ್ನುವಳು. ನಾನು ಕಿಸಕ್ಕನೆ ನಗುತ್ತಿದ್ದೆ.

ರಕ್ತಸಂಬಂಧವೇನೂ ಇರಲಿಲ್ಲ. ಹಂದನಕೆರೆ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಮಕ್ಕಳಿಗೆಲ್ಲ ಅತ್ತೆ. ನಮ್ಮ ಮನೆಯ ಅಟ್ಟಕ್ಕೆ ಕಾಯಿ ಏರಿಸುವುದು, ವರ್ಷದ ಹೊತ್ತಿಗೆ ಇಳಿಸಿ ಕೊಬ್ಬರಿ ಬಿಡಿಸುವುದು ಅವಳ ಕೆಲಸ. ಕಾಯಿ ಅಟ್ಟದಲ್ಲಿ ಸುಮ್ಮನೆ ಕೂತು ಒಳಗಿನ ನೀರನ್ನೆಲ್ಲ ತಾನೇ ಹಿಂಗಿಸಿಕೊಂಡರೆ ಉಂಡೆ ಕೊಬ್ಬರಿ. ಕರಟದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೇ ಕೊಳೆತು ಕೌಟು. ಆ ಬಿರುಕು ಸಿಪ್ಪೆಯೊಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಏಣಿಯ ಬುಡದಲ್ಲಿ ಅತ್ತೆ ಕೂರುತ್ತಿದ್ದಳು. ಕುಲುಕಿದಾಗ ನೀರಿನ ಸದ್ದು ತುಂಬಿ ಬಂದರೆ ಮೇಲಕ್ಕೆ, ಬರದಿದ್ದರೆ ಪಕ್ಕಕ್ಕೆ.

ಅಟ್ಟ ಇಳಿಸುವಾಗ ಕೆಟ್ಟ ಕಾಯಿ ಸಿಕ್ಕರೆ ಬೇರೆಯವರು ತಿಪ್ಪೆಗೆ ಎಸೆಯುತ್ತಾರೆ. ಅತ್ತೆ ಎಸೆಯಲು ಬಿಡುತ್ತಿರಲಿಲ್ಲ. "ಯಾವ್ ಮೂಲೇದು?" ಎಂದು ಮೇಲಿದ್ದವರನ್ನು ಕೇಳುವಳು. ಹತ್ತು ಕೆಟ್ಟರೆ ಹತ್ತು ಸಲ. ಅಪ್ಪನಿಗೆ ರೇಗಿಹೋಗುತ್ತಿತ್ತು. "ಕೆಟ್ಟಿದ್ದು ಕೆಟ್ಟೋಯ್ತು, ಬುಡು ಅತ್ಲಾಗೆ!" ಬಿಡುವವಳಲ್ಲ.

ನಾನು ಹೈಸ್ಕೂಲಿನಲ್ಲಿದ್ದ ವರ್ಷ ಅಟ್ಟ ಇಳಿಸಿದಾಗ ಕೌಟು ವಾಸನೆ ಬೀದಿಯ ತನಕ ಹೊಡೆಯಿತು. ಅಷ್ಟು ಕಾಯಿ ಕೆಟ್ಟಿತ್ತು. ಅಪ್ಪ ಕಾಯಿ ಕೀಳುವವನ ಮೇಲೆ ಹರಿಹಾಯ್ದರು. ಬಂಡೆ ಮೇಲೆ ಗೊನೆ ಬೀಳಿಸಿದ್ದಾನೆ, ಇನ್ನು ನಮ್ಮ ತೋಟಕ್ಕೆ ಕಾಲಿಡಬಾರದು ಎಂದರು. ಆತ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅತ್ತೆ ಅಂಗಳದಲ್ಲಿ ಅಟ್ಟದ ಮೂಲೆಗೊಂದರಂತೆ ಗುಡ್ಡೆ ಹಾಕಿಸಿದಳು. ಮೂರು ಗುಡ್ಡೆಯಲ್ಲಿ ಕೆಟ್ಟದ್ದು ಬೆರಳೆಣಿಕೆ. ಏಣಿ ಬಾಯಿಯ ಪಕ್ಕದ ಮೂಲೆಯ ಗುಡ್ಡೆ ಮಾತ್ರ ಪೂರಾ ಹಾಳು.

"ಏಣಿ ಪಕ್ಕದ್ದು ಅಂದ್ರೆ ಕೊನೇಲಿ ಏರ್ಸಿದ್ದು. ಅದನ್ನ ಅಲ್ಲಾಡ್ಸಿ ನೋಡ್ದೋರು ಯಾರು?" ಎಂದು ಎಲ್ಲರ ಮುಂದೆ ಜೋರಾಗಿ ಕೇಳಿದಳು. ಉತ್ತರವನ್ನೂ ಅವಳೇ ಹೇಳಿದಳು. "ನಾನೇ ಕಣಣ್ಣ. ಆವತ್ತು ಅಮ್ಮಸಂದ್ರಕ್ಕೆ ಅಕ್ಕನ ಮನೆಗೆ ಹೋಗ್ಬೇಕಿತ್ತು, ಬಸ್ಸಿಗೆ ಹೊತ್ತಾಗಿತ್ತು. ಕೊನೇ ಗುಡ್ಡೇನ ಅಲ್ಲಾಡ್ಸದೇ ಮೇಲಕ್ಕೆ ಕೊಟ್ಟೆ. ಮರದಿಂದ ಬೀಳೋ ಕಾಯಲ್ಲಿ ನಾಕು ಸೀಳೇ ಸೀಳ್ತವೆ. ಅದನ್ನ ಹಿಡಿಯಕ್ಕೇ ನಾನಿರೋದು. ಅವನ್ನ ಬಯ್ಬ್ಯಾಡ."

ಅಪ್ಪ ಅವಳನ್ನು ಬಾಯಿಗೆ ಬಂದಂತೆ ಬೈದರು. ಮುಂದಿನ ವರ್ಷ ಕೆಲಸಕ್ಕೂ ಕರೆಯಲಿಲ್ಲ. ಅದರಾಚೆ ವರ್ಷ ತಾವೇ ಹೋಗಿ ಕರೆದು ತಂದರು. ಅವಳಷ್ಟು ಚೊಕ್ಕವಾಗಿ ಆರಿಸುವವರು ಸಿಗಲಿಲ್ಲ, ಅಷ್ಟೇ.

ಈಗ ನನ್ನ ವಿಷಯ. ಬಾಹ್ಯಾಕಾಶ ನೌಕೆಗಳಿಗೆ ಇಂಧನದ ಕವಾಟ ಮಾಡುವ ಸಣ್ಣ ಕಂಪನಿಯಲ್ಲಿ ಪರೀಕ್ಷೆ ಮಾಡುವವಳು ನಾನು. ನಮ್ಮ ಕವಾಟ ಹೊತ್ತ ನೌಕೆಯೊಂದು ತಿಂಗಳುಗಟ್ಟಲೆ ಹಾರಿ ಗ್ರಹದ ಹತ್ತಿರ ಹೋಯಿತು. ವೇಗ ತಗ್ಗಿಸಬೇಕಾದ ಗಳಿಗೆಯಲ್ಲಿ ಎಂಜಿನ್ ಹೊತ್ತಲೇ ಇಲ್ಲ. ನೌಕೆ ಗ್ರಹದ ಪಕ್ಕದಲ್ಲೇ ಹಾದು ಕತ್ತಲೆಗೆ ಹೊರಟುಹೋಯಿತು. ದಾರಿಯುದ್ದಕ್ಕೂ ಇಂಧನ ಸೋರಿತ್ತು.

ತನಿಖೆಗೆ ಸಮಿತಿ ಕೂತಿತು. ಕೂತಿತು, ಕೂತಿತು, ಕೂತೇ ಇತ್ತು! ಎಂಟು ತಿಂಗಳು. "ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ" ಎಂಬ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ಒಬ್ಬರು ಚಳಿ ಎಂದರು, ಒಬ್ಬರು ವಿಕಿರಣ ಎಂದರು. ಚಳಿ, ವಿಕಿರಣ ಬಂದು ಸಹಿ ಹಾಕುವುದಿಲ್ಲವಲ್ಲ, ಆರಾಮ. ಕೊನೆಗೆ ಕವಾಟದ ಸ್ಪ್ರಿಂಗ್ ಸುತ್ತಿಕೊಟ್ಟಿದ್ದ ಪುಟ್ಟ ವರ್ಕ್‌ಶಾಪಿನ ಮೇಲೆ ಎಲ್ಲರ ಕಣ್ಣು ಬಿತ್ತು. ಅಲ್ಲಿರುವುದು ಗಂಡ ಹೆಂಡತಿ, ಎರಡು ಯಂತ್ರ. ವರದಿಯಲ್ಲಿ ಹೆಸರು ಬಂದರೆ ಅವರು ಬಾಗಿಲು ಹಾಕಿಕೊಳ್ಳಬೇಕಾಗುತ್ತಿತ್ತು.

ಸಮಿತಿಯನ್ನು ಇಷ್ಟು ಬೈಯುವ ನಾನು ಅಲ್ಲಿ ಮಾಡಿದ್ದೇನು? ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕವಾಟ ಕಳಿಸುವ ದಿನ ಅದು ನನ್ನ ಕೈಯಿಂದ ಜಾರಿ ರಬ್ಬರ್ ಚಾಪೆಯ ಮೇಲೆ ಬಿದ್ದಿತ್ತು. ಒಂದು ಗೀರೂ ಆಗಿರಲಿಲ್ಲ. ಬಿದ್ದದ್ದನ್ನು ಬರೆದು, ನಾಲ್ಕು ದಿನದ ಚಳಿ ಬಿಸಿಯ ಪರೀಕ್ಷೆ ಮತ್ತೆ ಮಾಡಬೇಕೆಂಬುದು ನಿಯಮ. ಹೊರಗೆ ವ್ಯಾನು ಕಾಯುತ್ತಿತ್ತು. ಹತ್ತು ನಿಮಿಷ ಗಾಳಿ ತುಂಬಿ ನೋಡಿದೆ, ಸೋರಲಿಲ್ಲ. ಸಹಿ ಹಾಕಿ ಕಳಿಸಿದೆ.

ಶಿವರಾತ್ರಿಗೆ ಮುಂಚೆ ಊರಿಗೆ ಹೋದಾಗ ಅತ್ತೆ ಹಾಸಿಗೆ ಹಿಡಿದಿದ್ದಳು. ಆ ಕಿವಿಗಳು ಹೆಚ್ಚುಕಡಿಮೆ ಕಿವುಡಾಗಿದ್ದವು. ನೌಕೆ ಹಾಳಾದ ಕಥೆಯನ್ನು ಕೂಗಿ ಕೂಗಿ ಹೇಳಿದೆ. ನನ್ನ ಕೈ ಜಾರಿದ್ದನ್ನು ಹೇಳಲಿಲ್ಲ. ಬಾಯಿ ತೆರೆದುಕೊಂಡೇ ಕೇಳಿಸಿಕೊಂಡಳು.

"ಅಷ್ಟು ದೂರ ಹೋಗಿ ಸೋರ್ತಾ? ಹಂಗಾದ್ರೆ ಇಲ್ಲಿಂದ್ಲೇ ಸೀಳಿತ್ತು. ಕಳ್ಸೋಕೆ ಮುಂಚೆ ಅಲ್ಲಾಡ್ಸಿ ನೋಡ್ದೋರು ಯಾರವ್ವ?"

"ಯಾರೋ ಅತ್ತೆ, ಗೊತ್ತಿಲ್ಲ. ಬಸ್ಸಿಗೆ ಹೊತ್ತಾಯ್ತು, ಬತ್ತೀನಿ" ಎಂದು ಎದ್ದೆ.

"ಹೊತ್ತಾಯ್ತಾ?" ಎಂದು ನನ್ನ ಮುಖವನ್ನೇ ನೋಡಿದಳು. ಆ ನೋಟಕ್ಕೆ ನಾನು ಇವತ್ತಿಗೂ ಕುದಿಯುತ್ತೇನೆ. ಅವಳ ಮೇಲಲ್ಲ, ಎದ್ದು ಬಂದ ನನ್ನ ಮೇಲೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಅತ್ತೆ ತೀರಿಕೊಂಡಳು. ಹನ್ನೊಂದನೇ ದಿನದ ಕಾರ್ಯದಲ್ಲಿ ಊಟಕ್ಕೆ ಕೂತಾಗ ನನ್ನ ಎದುರು ಸಾಲಿನಲ್ಲಿ ಆ ಕಾಯಿ ಕೀಳುವವನು ಕೂತಿದ್ದ. ತಲೆ ಪೂರಾ ನರೆತಿತ್ತು. ಈಗಲೂ ನಮ್ಮ ತೋಟಕ್ಕೆ ಅವನೇ. ನಾನು ಎಲೆ ಮಡಚಿ ಎದ್ದು ರಾತ್ರಿ ಬಸ್ಸು ಹಿಡಿದೆ.

ಮಾರನೆಯ ದಿನ ಸಮಿತಿಯಲ್ಲಿ ಎದ್ದು ನಿಂತು ಹೇಳಿದೆ. ನೌಕೆ ಯಾರಿಗೂ ವಾಪಸ್ ಸಿಗಲಿಲ್ಲ. ಅಂಥದ್ದೇ ಇನ್ನೊಂದು ಕವಾಟವನ್ನು ಅದೇ ಚಾಪೆಯ ಮೇಲೆ ಬೀಳಿಸಿ ಚಳಿ ಬಿಸಿಗೆ ಒಡ್ಡಿದರು. ಮೂರನೇ ದಿನ ಸೋರಿತು. ಸ್ಪ್ರಿಂಗ್ ವರ್ಕ್‌ಶಾಪಿನ ಹೆಸರು ವರದಿಯಿಂದ ಹೋಯಿತು, ನನ್ನದು ಬಂತು. ಪರೀಕ್ಷೆಯ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ಅಪ್ಪನ ಹಾಗೆ ಯಾರಾದರೂ ಬಂದು ವಾಪಸ್ ಕರೆಯುತ್ತಾರೋ ಇಲ್ಲವೋ ತಿಳಿಯದು.

ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅತ್ತೆ ಕೇಳಿದ್ದು ಒಂದೇ ಮಾತು. ಅದಕ್ಕೆ "ನಾನೇ ಅತ್ತೆ" ಎಂದು ಜೋರಾಗಿ ಒಂದು ಸಲ ಕೂಗಿದ್ದರೆ ಅವಳಿಗೆ ಕೇಳಿಸುತ್ತಿತ್ತು.