ಪೊರೆಯ ಸುಕ್ಕು

ರಫೂ ಅಕ್ಕನ ಕೈಯಲ್ಲಿ ರಿಪೇರಿಯಾದ ಬಟ್ಟೆಯನ್ನು ತೆಗೆದುಕೊಂಡು ಹೋದವರು ಅರ್ಧ ದಾರಿಯಿಂದ ತಿರುಗಿ ಬಂದು ಜಗಳಕ್ಕೆ ನಿಂತದ್ದುಂಟು. ‘ಇದು ನನ್ನ ಕೋಟಲ್ಲ, ನನ್ನದರಲ್ಲಿ ತೂತಿತ್ತು’ ಎಂದು. ಆಗ ಒಳಗಿನಿಂದ ಅವಳ ನಾದಿನಿ ಬಂದು, ‘ತೂತೇ ಬೇಕಿದ್ರೆ ಹೇಳಿ ಸ್ವಾಮೀ, ಕತ್ತರಿ ಇಲ್ಲೇ ಇದೆ’ ಅನ್ನುತ್ತಿದ್ದಳು. ಬಂದವರು ನಕ್ಕು ಹೊರಟುಹೋಗುತ್ತಿದ್ದರು.

ಹರಿದ ಬಟ್ಟೆಯ ಒಳಅಂಚಿನಿಂದಲೇ ಎಳೆ ತೆಗೆದು, ಅಡ್ಡ ಉದ್ದ ನೇಯ್ದು, ಹರಿದಿತ್ತು ಅನ್ನುವುದೇ ಸುಳ್ಳು ಅನ್ನಿಸುವಂತೆ ಮಾಡುವುದು ಅವಳ ಕಸುಬು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ತಾಯಿ ಅವಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡಿದ್ದಳು. ಮೊದಲ ದಿನವೇ ಹೇಳಿಕೊಟ್ಟಿದ್ದು ಒಂದೇ ಮಾತು: ಸೂಜಿ ಹಿಡಿಯುವ ಮುಂಚೆ ಬಟ್ಟೆಯನ್ನು ತೇವ ಮಾಡಿ, ಸುಕ್ಕು ಹೋಗುವ ತನಕ ಇಸ್ತ್ರಿ ಮಾಡು. ಸುಕ್ಕಿದ್ದ ಬಟ್ಟೆಯಲ್ಲಿ ಎಳೆ ನೇರ ಕೂರುವುದಿಲ್ಲ. ಐವತ್ತು ವರ್ಷ ಅವಳು ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಗಂಡ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಅವಳು, ನಾದಿನಿ, ಕಿಟಕಿಯ ಪಕ್ಕದ ಉದ್ದನೆಯ ಮೇಜು.

ಆ ಊರಿಗೆ ಮೇಲಿನವರು ಬಂದು ಆಗಲೇ ಎಂಟು ವರ್ಷವಾಗಿತ್ತು. ಆಕಾಶದಿಂದ ಇಳಿದವರು ಎಂದು ಜನ ಅವರಿಗೆ ಮೇಲಿನವರು ಅನ್ನುತ್ತಿದ್ದರು. ಅವರು ತಮಗೆ ತಾವು ಇಟ್ಟುಕೊಂಡ ಹೆಸರು ನಮ್ಮ ನಾಲಿಗೆಗೆ ಹೊರಳುವಂಥದ್ದಲ್ಲ. ಬಂದ ಹೊಸದರಲ್ಲಿ ಮಕ್ಕಳು ಅವರನ್ನು ಕಂಡು ಓಡಿಹೋಗುತ್ತಿದ್ದವು. ಆಮೇಲೆ ಅದೇ ಮಕ್ಕಳು ಮರಕ್ಕೆ ಸಿಕ್ಕಿಕೊಂಡ ಗಾಳಿಪಟ ಬಿಡಿಸಿಕೊಡಿ ಎಂದು ಅವರನ್ನೇ ಹುಡುಕಿಕೊಂಡು ಹೋಗತೊಡಗಿದವು. ಅಷ್ಟು ಎತ್ತರದ ಜನ. ಕೈಗೆ ಮೂರೇ ಬೆರಳು, ಕಣ್ಣಿಗೆ ರೆಪ್ಪೆಯಿಲ್ಲ, ಮಾತು ಬರುವುದು ಕತ್ತಿನ ಸೀಳಿನಿಂದ. ಊಟ ಮಾಡುವುದು ಅಂಗಾಲಿನಿಂದ. ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಅವರ ಹೊಟ್ಟೆ ತುಂಬುತ್ತದೆ. ನಗು ಬಂದರೆ ಮೊಣಕಾಲುಗಳು ಒಂದಕ್ಕೊಂದು ತಾಗಿ ಟಕಟಕ ಅನ್ನುತ್ತವೆ. ದುಃಖವಾದರೆ ಮೈ ತಣ್ಣಗಾಗಿ, ತಂಬಿಗೆಯ ಹೊರಗೆ ಹನಿಗಟ್ಟುವ ಹಾಗೆ ಹನಿಗಟ್ಟುತ್ತದೆ.

ಅವರಲ್ಲಿ ಒಬ್ಬಳು ಪುಸ್ತಕಾಲಯದಲ್ಲಿ ಏಣಿಯಿಲ್ಲದೆ ಮೇಲಿನ ಸಾಲಿನ ಪುಸ್ತಕ ಇಳಿಸಿಕೊಡುವ ಕೆಲಸದಲ್ಲಿದ್ದಳು. ನಾದಿನಿ ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟಿದ್ದಳು. ಒಂದು ಬೆಳಿಗ್ಗೆ ಉದ್ದಕ್ಕ ಒಂದು ಗಂಟನ್ನು ಎದೆಗವಚಿಕೊಂಡು, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಳು.

‘ಕೂರೋಕೆ ಹೇಳ್ಲೋ, ನಿಲ್ಲೋಕೆ ಹೇಳ್ಲೋ ಗೊತ್ತಾಗಲ್ಲ ಇವರಿಗೆ’ ಎನ್ನುತ್ತಲೇ ನಾದಿನಿ ಬಕೆಟ್ಟಿನಲ್ಲಿ ಉಪ್ಪುನೀರು ತಂದಿಟ್ಟಳು. ‘ಬಾಮ್ಮ, ಕಾಲಿಡು. ಉಪ್ಪು ಸಾಕಾ ನೋಡು.’

ಉದ್ದಕ್ಕ ಬಕೆಟ್ಟಿನಲ್ಲಿ ನಿಂತು ಗಂಟು ಬಿಚ್ಚಿದಳು. ಒಳಗಿದ್ದದ್ದು ಒಂದು ಇಡೀ ಮೈಯ ಪೊರೆ. ಈರುಳ್ಳಿ ಸಿಪ್ಪೆಯಷ್ಟು ತೆಳು, ರೇಷ್ಮೆಯಷ್ಟು ಗಟ್ಟಿ. ಎಡ ಹೆಗಲಿನ ಹತ್ತಿರ ಒಂದು ಗೇಣು ಹರಿದಿತ್ತು.

‘ಅಮ್ಮಂದು. ಒಂಬತ್ತು ವರ್ಷಕ್ಕೊಂದು ಸಲ ನಾವು ಪೊರೆ ಬಿಡ್ತೀವಿ. ಈ ಊರಲ್ಲಿ ನಮ್ಮ ಪೈಕಿ ಅಮ್ಮಂದೇ ಮೊದಲು. ತೊಟ್ಟಿಯ ಮೊಳೆಗೆ ಸಿಕ್ಕಿ ಹರೀತು. ಏಳನೇ ದಿನ ಇದನ್ನ ಮತ್ತೆ ಅವಳಿಗೆ ಹೊದಿಸ್ಬೇಕು. ಇವತ್ತು ನಾಲ್ಕು. ಆಗುತ್ತಾ?’

‘ಬಿಟ್ಟಿದ್ದನ್ನ ಮತ್ತೆ ಯಾಕವ್ವಾ ಹೊದಿಸ್ತೀರಿ?’ ನಾದಿನಿ ಕೇಳಿದಳು.

‘ಹೊದಿಸದಿದ್ರೆ ಅವಳು ಅವಳಾಗಲ್ಲ’ ಎಂದಳು ಉದ್ದಕ್ಕ. ಇನ್ನೇನೋ ಹೇಳುವವಳಿದ್ದಳು, ಅಷ್ಟರಲ್ಲಿ ಕೆಲಸಕ್ಕೆ ಹೊತ್ತಾಯಿತೆಂದು ಹೊರಟುನಿಂತಳು. ರಫೂ ಅಕ್ಕ ಮಾತ್ರ ಒಂದು ಪ್ರಶ್ನೆ ಕೇಳಿದಳು: ‘ನಿಮ್ಮೋರಲ್ಲಿ ಸೂಜಿ ಹಿಡಿಯೋರು ಯಾರೂ ಇಲ್ವಾ?’

‘ಇದ್ದಾರೆ. ಆದ್ರೆ ಪೊರೆಗೆ ಸಂಬಂಧಿಕರು ಸೂಜಿ ಹಾಕೋ ಹಾಗಿಲ್ಲ. ಹಾಕಿದ್ರೆ ತಮಗೆ ಬೇಕಾದ ಹಾಗೆ ತಿದ್ದಿಬಿಡ್ತಾರೆ ಅಂತ ನಮ್ಮ ಹಿರಿಯರು ಹೇಳ್ತಾರೆ. ಇಲ್ಲಿರೋ ನಾವೆಲ್ಲ ಒಂದೇ ಮನೆತನ. ಅದಕ್ಕೇ ನಿಮ್ಮ ಹತ್ರ ಬಂದೆ.’

ಏನು ತಿದ್ದುತ್ತಾರೆ, ಯಾಕೆ ತಿದ್ದುತ್ತಾರೆ ಎಂದು ರಫೂ ಅಕ್ಕ ಅವತ್ತೇ ಕೇಳಿದ್ದರೆ ಆಗುತ್ತಿತ್ತು. ಎಲ್ಲರ ಮಾತಿಗೂ ಕಿವಿಗೊಡುವ ಹೆಂಗಸು ಅವಳು. ಆದರೆ ಮೇಜಿನ ಮೇಲೆ ಹೊಸ ಬಗೆಯ ಎಳೆ ಬಿದ್ದರೆ ಅವಳ ಕಿವಿ ಮುಚ್ಚಿ ಬೆರಳು ತೆರೆದುಕೊಳ್ಳುತ್ತಿತ್ತು.

ಪೊರೆಯ ತುಂಬ ಸುಕ್ಕು. ಮಣಿಕಟ್ಟಿನಲ್ಲಿ, ಮಂಡಿಯ ಹಿಂದೆ, ಪಕ್ಕೆಯಲ್ಲಿ, ಎಲ್ಲಿ ನೋಡಿದರೂ. ರಫೂ ಅಕ್ಕ ತಾಯಿ ಕಲಿಸಿದಂತೆ ತೇವದ ಬಟ್ಟೆ ಹಾಸಿ, ಶಾಖ ಕಡಿಮೆ ಮಾಡಿ, ಹೆಗಲಿನಿಂದ ಹಿಮ್ಮಡಿಯವರೆಗೆ ಇಸ್ತ್ರಿ ಎಳೆದಳು. ಎದೆಯ ಮೇಲಿದ್ದ ಒಂದು ಸುಕ್ಕು ಭಾರೀ ಹಟಮಾರಿ. ಮೂರು ಸಲ ಎಳೆದ ಮೇಲೆ ಬಿಟ್ಟುಕೊಟ್ಟಿತು. ಎರಡು ದಿನ ಕೂತು ಹೆಗಲಿನ ಹರಕನ್ನು ಕೂಡಿಸಿದಳು.

‘ಹೊಸದೇ ಆಯ್ತಲ್ಲ ಅತ್ತಿಗೆ! ಆ ಮುದುಕಿ ಹೊದ್ಕೊಂಡ್ರೆ ಮದುಮಗಳ ಹಾಗೆ ಕಾಣ್ತಾಳೆ’ ಎಂದಳು ನಾದಿನಿ.

ಆರನೇ ದಿನ ಬೆಳಿಗ್ಗೆ ಉದ್ದಕ್ಕ ಬಂದಳು. ಪೊರೆಯ ಮೇಲೆ ಕೈಯಾಡಿಸಿದಳು. ಒಮ್ಮೆ, ಮತ್ತೊಮ್ಮೆ. ತಿರುಗಿಸಿ ಬೆನ್ನು ನೋಡಿದಳು. ‘ಎಲ್ಲಿ?’ ಎಂದಳು.

ಎಲ್ಲರೂ ಹೀಗೇ ಕೇಳುತ್ತಾರೆ. ರಫೂ ಅಕ್ಕ ಬೀಗುತ್ತ ಹೆಗಲಿನ ಮೇಲೆ ಬೆರಳಿಟ್ಟಳು. ‘ಇಲ್ಲೇ ಹರಿದಿತ್ತು. ಹುಡುಕಿದ್ರೂ ಸಿಗಲ್ಲ.’

‘ಹರಕಲ್ಲ. ಸುಕ್ಕು. ಸುಕ್ಕೆಲ್ಲಿ?’

ಉದ್ದಕ್ಕನ ಮೈ ಹನಿಗಟ್ಟುತ್ತಿತ್ತು. ತೋಳಿನಿಂದ ನೀರಿಳಿದು ಮೇಜಿನ ಮೇಲೆ ತೊಟ್ಟಿಕ್ಕಿತು. ಅವಳು ಕೂಗಾಡಲಿಲ್ಲ. ಮೊದಲೇ ಹೇಳಬೇಕಿದ್ದ ಮಾತನ್ನು ಈಗ ನಿಧಾನವಾಗಿ ಹೇಳಿದಳು. ಮೇಲಿನವರಿಗೆ ನಡೆಯುವುದು, ಮಾತಾಡುವುದು ಮೂಳೆಯಲ್ಲಿರುತ್ತದೆ. ಆದರೆ ತಮ್ಮವರು ಯಾರು, ತಮಗೆ ಏನಾಯಿತು ಅನ್ನುವುದು ತೊಗಲಿನಲ್ಲಿರುತ್ತದೆ. ಉಳಿಸಿಕೊಳ್ಳಬೇಕಾದದ್ದು ನಡೆದ ದಿನ ಅವರು ಹೆಬ್ಬೆರಳಿನಿಂದ ಮೈ ಮೇಲೆ ಒಂದು ಮಡಿಕೆ ಒತ್ತಿಕೊಳ್ಳುತ್ತಾರೆ. ‘ನೆನಪಿದೆ’ ಅನ್ನುವ ಮಾತೇ ಅವರಲ್ಲಿಲ್ಲ, ‘ಮೈಯಲ್ಲಿದೆ’ ಅನ್ನುತ್ತಾರೆ. ಪೊರೆ ಬಿಟ್ಟವರು ಆರು ದಿನ ಉಪ್ಪುನೀರಿನ ತೊಟ್ಟಿಯಲ್ಲಿ ಏನೂ ಅರಿಯದೆ ಮಲಗಿರುತ್ತಾರೆ. ಏಳನೇ ದಿನ ಹಳೆಯ ಪೊರೆ ಹೊದಿಸಿದರೆ ಅದರ ಮಡಿಕೆಗಳ ಅಚ್ಚು ಮೆತ್ತನೆಯ ಹೊಸ ತೊಗಲಿಗೆ ಇಳಿಯುತ್ತದೆ. ಆ ದಿನ ದಾಟಿದರೆ ತೊಗಲು ಬಿಗಿಯುತ್ತದೆ.

‘ನಾಳೆ ಅಮ್ಮ ಏಳ್ತಾಳೆ. ನನ್ನನ್ನ ನೋಡಿ, ಯಾರು ನೀನು ಅಂತಾಳೆ’ ಎಂದಳು ಉದ್ದಕ್ಕ.

ರಫೂ ಅಕ್ಕ ಕುರ್ಚಿಯಲ್ಲಿ ಕೂತಳು. ಯಾರದೋ ಬದುಕನ್ನು ತಾನು ನೀರು ಚಿಮುಕಿಸಿ, ಚೆನ್ನಾಗಿ ಎಳೆದು, ಮಟ್ಟಸ ಮಾಡಿ ಇಟ್ಟಿದ್ದಳು. ಆಮೇಲೆ ರಫೂ ಅಕ್ಕ ಎದ್ದು ಸೂಜಿಗೆ ದಾರ ಪೋಣಿಸಿದಳು.

‘ನಿಮ್ಮಮ್ಮ ಯಾವುದನ್ನ ಎಲ್ಲಿ ಇಟ್ಕೊಂಡಿದ್ರು, ನಿಂಗೊತ್ತಾ?’

‘ಕೆಲವು ಗೊತ್ತು. ಚಿಕ್ಕವಳಿದ್ದಾಗ ಅವಳ ಮೈ ಮೇಲೆ ಬೆರಳಾಡಿಸಿ, ಇದೇನು, ಇದೇನು ಅಂತ ಕೇಳ್ತಿದ್ದೆ.’

‘ಹಾಗಾದ್ರೆ ಹೇಳು. ದಾರ ಎಳೆದು ಮಡಿಕೆ ಕಟ್ತೀನಿ. ಒತ್ತಿದ್ದಲ್ಲ, ಹೊಲಿದದ್ದು. ಹಿಡಿಯುತ್ತೋ ಇಲ್ವೋ ನನಗೂ ಗೊತ್ತಿಲ್ಲ.’

ಉದ್ದಕ್ಕ ಬಕೆಟ್ಟಿನಲ್ಲಿ ನಿಂತು ಹೇಳತೊಡಗಿದಳು. ಬಲ ಮಣಿಕಟ್ಟಿನ ಒಳಗೆ, ಹಡಗಿನ ಬಾಗಿಲು ಮುಚ್ಚಿ ತಮ್ಮ ನೆಲ ಕಾಣದಾದ ಗಳಿಗೆ. ಪಕ್ಕೆಯ ಕೆಳಗೆ, ಅಪ್ಪನ ಮೊಣಕಾಲಿನ ನಗು. ಹೆಬ್ಬೆರಳಿನ ಬುಡದಲ್ಲಿ ಜೋಡಿ ಮಡಿಕೆ, ಅದು ಉದ್ದಕ್ಕ ಹುಟ್ಟಿದ ದಿನದ್ದು. ಮಂಡಿಯ ಹಿಂದೆ ಒಂದು ಚಿಕ್ಕದು: ಈ ಊರಿಗೆ ಬಂದ ಮೊದಲ ದಿನ, ಬಸ್ಸಿನ ಕಂಡಕ್ಟರ್ ಹೆಂಗಸು ಹೆದರಿ ಕಿರುಚಿ, ಆಮೇಲೆ ತನ್ನ ಛತ್ರಿಯನ್ನೇ ಕೊಟ್ಟುಹೋದದ್ದು.

‘ಅದನ್ನೂ ಇಟ್ಕೊಂಡಿದ್ರಾ?’ ನಾದಿನಿ ಮೂಗು ಸೇದಿದಳು. ‘ಆ ಕಂಡಕ್ಟರ್ ನಂಗೊತ್ತು. ಚಿಲ್ಲರೆ ಕೂಡ ಕೊಡದೋಳು.’

ಉದ್ದಕ್ಕನ ಮೊಣಕಾಲು ಒಂದೇ ಸಲ ಟಕ್ ಎಂದು ಸುಮ್ಮನಾಯಿತು.

ಜೀವಮಾನವಿಡೀ ಏನೂ ಆಗಿಯೇ ಇಲ್ಲ ಅನ್ನಿಸುವಂತೆ ಹೊಲಿದ ಕೈಗೆ, ಆದದ್ದು ಎದ್ದು ಕಾಣುವಂತೆ ಹೊಲಿಯುವುದು ಸುಲಭವಾಗಿರಲಿಲ್ಲ. ಬೆರಳು ತಾನಾಗಿ ಎಳೆಯನ್ನು ಮಟ್ಟ ಮಾಡಲು ಹೋಗುತ್ತಿತ್ತು. ಪ್ರತಿ ಸಲ ಅದನ್ನು ಗದರಿಸಿ ತಡೆಯಬೇಕು. ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಯುವಷ್ಟರಲ್ಲಿ ನಲವತ್ತೊಂದು ಮಡಿಕೆಗಳಾದವು. ಮೊದಲು ಮುನ್ನೂರರ ಮೇಲಿದ್ದವು.

‘ಅಷ್ಟೇ. ಇನ್ನು ನಂಗೊತ್ತಿಲ್ಲ’ ಎಂದಳು ಉದ್ದಕ್ಕ.

ರಫೂ ಅಕ್ಕ ಸೂಜಿ ಕೆಳಗಿಡಲಿಲ್ಲ. ಪೊರೆಯ ಎದೆಯ ಮೇಲೆ ಕೈಯಿಟ್ಟು ಕೇಳಿದಳು: ‘ಇಲ್ಲೊಂದು ಇತ್ತು. ಮೂರು ಸಲ ಇಸ್ತ್ರಿ ಎಳೆದ ಮೇಲೆ ಹೋದದ್ದು. ಅಷ್ಟು ಆಳದ್ದು ಇನ್ಯಾವುದೂ ಇರಲಿಲ್ಲ. ಅದೇನು?’

ಬಕೆಟ್ಟಿನ ನೀರು ಅಲ್ಲಾಡಿತು.

‘ಅದು ನನ್ನಿಂದ ಆದದ್ದು’ ಎಂದಳು ಉದ್ದಕ್ಕ. ‘ಅಪ್ಪ ಇಲ್ಲೇ ತೀರಿಕೊಂಡ. ಇಲ್ಲಿಗೆ ಬರೋ ಮುಂಚೆ ಅವನು ಬಿಟ್ಟಿದ್ದ ಪೊರೆಯನ್ನ ಒಂದು ದಿನ ನಮ್ಮ ನೆಲಕ್ಕೆ ಒಯ್ಬೇಕು ಅಂತ ಅಮ್ಮ ಇಟ್ಕೊಂಡಿದ್ಲು. ಯಾರೂ ವಾಪಸ್ ಹೋಗಲ್ಲ ಅಂತ ನನಗೆ ಗೊತ್ತಿತ್ತು. ಅವಳನ್ನ ಕೇಳದೆ ಇಲ್ಲಿನ ನದಿಗೆ ಬಿಟ್ಟೆ. ಅವತ್ತು ಅವಳು ನನ್ನ ಎದುರಿಗೇ ನಿಂತು ಎದೆ ಮೇಲೆ ಒತ್ತಿಕೊಂಡ್ಲು. ಎರಡು ವರ್ಷ ಆಯ್ತು, ಒಂದೇ ಮನೇಲಿದ್ದೀವಿ. ಮಾತಿಲ್ಲ.’

‘ಹಾಗಾದ್ರೆ ಬಿಡಿ ಅತ್ತಿಗೆ, ಹೋದದ್ದು ಒಳ್ಳೇದೇ ಆಯ್ತು’ ಎಂದಳು ನಾದಿನಿ. ‘ತಾಯಿ ಮಗಳು ಚೆನ್ನಾಗಿರ್ಲಿ. ನಮಗೂ ಹೀಗೊಂದು ಅನುಕೂಲ ಇದ್ದಿದ್ರೆ ನಾನೂ ನೀವೂ ಎಷ್ಟು ಸಲ ಇಸ್ತ್ರಿ ಮಾಡಿಸ್ಕೊಳ್ತಿದ್ವೋ!’

ಉದ್ದಕ್ಕ ರಫೂ ಅಕ್ಕನ ಮುಖ ನೋಡಿದಳು. ಆ ರೆಪ್ಪೆಯಿಲ್ಲದ ಕಣ್ಣುಗಳು ಏನು ಬೇಡುತ್ತಿವೆ ಎಂದು ಯಾರಿಗಾದರೂ ತಿಳಿಯುವಂತಿತ್ತು.

ಸಂಬಂಧಿಕರ ಕೈಗೆ ಪೊರೆ ಯಾಕೆ ಕೊಡುವುದಿಲ್ಲ ಎಂದು ರಫೂ ಅಕ್ಕನಿಗೆ ಈಗ ಅರ್ಥವಾಯಿತು. ಈ ಒಂದು ಗಳಿಗೆಗಾಗಿಯೇ ಹೊರಗಿನವಳನ್ನು ಕೂರಿಸುವುದು.

‘ನೋಡಮ್ಮ, ಗೊತ್ತಿಲ್ಲದೆ ಅಳಿಸಿದೆ. ಆ ತಪ್ಪು ನಂದು, ಸಾಯೋ ತನಕ ಹೊರ್ತೀನಿ’ ಎಂದಳು. ‘ಗೊತ್ತಿದ್ದೂ ಬಿಡೋದು ಬೇರೆ. ಅದನ್ನ ನನ್ನ ಕೈಯಲ್ಲಿ ಮಾಡಿಸ್ಬೇಡ. ಆ ಸಿಟ್ಟು ನಿಂದಲ್ಲ, ನಿಮ್ಮಮ್ಮಂದು. ಅವರ ಗಂಡನ ಮೇಲಿನ ಪ್ರೀತಿನೂ ಅದ್ರಲ್ಲೇ ಇತ್ತಲ್ಲ.’

ಉದ್ದಕ್ಕನ ತೋಳಿನಿಂದ ನೀರು ಇಳಿಯುತ್ತಲೇ ಇತ್ತು. ನಾದಿನಿ ಒಳಗೆ ಹೋಗಿ ಟವಲ್ ತಂದಳು. ಎಟುಕದೆ ಕುರ್ಚಿ ಹತ್ತಿ ಅವಳ ಹೆಗಲು ಒರೆಸಿದಳು. ಕಿಟಕಿಯ ಬೆಳಕು ಕೆಂಪಾಗುವ ಹೊತ್ತಿಗೆ ಉದ್ದಕ್ಕ ಹೇಳಿದಳು: ‘ಹೊಲೀರಿ. ಎಷ್ಟು ಆಳ ಇತ್ತೋ ಅಷ್ಟೇ ಆಳ.’

ಮಾರನೆಯ ದಿನ ಮೇಲಿನವರ ಮನೆಗೆ ರಫೂ ಅಕ್ಕ ತಾನೇ ಹೋದಳು. ಕರೆದಿರಲಿಲ್ಲ; ಬರಬೇಡ ಎಂದೂ ಹೇಳಿರಲಿಲ್ಲ. ಕುರ್ಚಿಯೊಂದೂ ಇಲ್ಲದ ಕೋಣೆಯ ನಡುವೆ ತೊಟ್ಟಿ. ಅದರ ಪಕ್ಕದ ಚಾಪೆಯ ಮೇಲೆ ಪೊರೆ ಹೊದ್ದು ಮಲಗಿದ ತಾಯಿ. ಮಧ್ಯಾಹ್ನದವರೆಗೆ ಕಾದರು. ಆಮೇಲೆ ಪೊರೆ ತಾನಾಗಿ ಜಾರಿತು. ಮುದುಕಿ ಎದ್ದು ಕೂತು ತನ್ನ ಹೆಬ್ಬೆರಳಿನ ಬುಡ ಮುಟ್ಟಿಕೊಂಡಳು, ಪಕ್ಕೆ ಮುಟ್ಟಿಕೊಂಡಳು, ಎದೆ ಮುಟ್ಟಿಕೊಂಡಳು. ಮಗಳನ್ನು ದಿಟ್ಟಿಸಿ ನೋಡಿದಳು. ಕತ್ತಿನ ಸೀಳಿನಿಂದ ಏನೋ ಒರಟಾಗಿ ಹೊರಟಿತು.

ಉದ್ದಕ್ಕನ ಮೊಣಕಾಲುಗಳು ಟಕಟಕ ಎಂದು ಬಡಿದುಕೊಂಡವು. ಗೋಡೆಗೊರಗಿ ಹಿಡಿದುಕೊಂಡರೂ ನಿಲ್ಲಲಿಲ್ಲ.

‘ಏನಂದ್ರು?’ ರಫೂ ಅಕ್ಕ ಕೇಳಿದಳು.

‘ನಿನ್ನ ಮುಖ ನೋಡೋಕೂ ನನಗೆ ಇಷ್ಟ ಇಲ್ಲ, ಅಂದ್ಲು. ಎರಡು ವರ್ಷದ ಮೇಲೆ ಇದೇ ಮೊದಲ ಮಾತು.’

ಆದರೆ ಸಂಜೆಯಾಗುತ್ತ ಹೋದಂತೆ ಉಳಿದದ್ದೂ ಬೆಳಕಿಗೆ ಬಂತು. ಮುದುಕಿ ತನ್ನ ಬೆನ್ನಿನ ಮೇಲೆ ಕೈಯಾಡಿಸಿ, ಬರಿದಾದ ತೊಗಲನ್ನು ಹುಡುಕಿ ಹುಡುಕಿ ನೋಡಿದಳು. ತನ್ನ ತಾಯಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಹುಟ್ಟಿದ ಮನೆ ಗೊತ್ತಿರಲಿಲ್ಲ. ಇಲ್ಲಿದ್ದವರೆಲ್ಲ ಗಂಡನ ಕಡೆಯವರು; ಅದನ್ನು ಹೇಳಬಲ್ಲವರು ಈ ಊರಲ್ಲಿ ಯಾರೂ ಇರಲಿಲ್ಲ. ನಂತರ ಅವಳ ಕಣ್ಣು ಮೂಲೆಯಲ್ಲಿ ನಿಂತ ಹೆಂಗಸಿನ ಮೇಲೆ ಬಿತ್ತು. ಈ ಸಲ ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಕೇಳಿದಳು: ‘ನೀವ್ಯಾರು?’

‘ನಿಮ್ಮ ಸುಕ್ಕು ಅಳಿಸಿದವಳು.’ ರಫೂ ಅಕ್ಕ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು, ನೀರು, ಶಾಖ, ಮೂರು ಸಲ ಎಳೆದದ್ದು, ಎಲ್ಲ.

ಮುದುಕಿಯ ಮೈ ತಣ್ಣಗಾಯಿತು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕೈ ಚಾಚಿ ರಫೂ ಅಕ್ಕನ ಹೆಬ್ಬೆರಳು ಹಿಡಿದು, ಇನ್ನೂ ಮೆತ್ತಗಿದ್ದ ತನ್ನ ತೋಳಿನ ಮೇಲೆ ಇಟ್ಟುಕೊಂಡಳು. ‘ಒತ್ತಿ’ ಎಂದಳು.

ರಫೂ ಅಕ್ಕ ಮನೆಗೆ ಬಂದಾಗ ನಾದಿನಿ ಬಾಗಿಲಲ್ಲೇ ಕಾದಿದ್ದಳು. ‘ಏನಾಯ್ತು ಅತ್ತಿಗೆ? ಬೈದ್ರಾ?’

ರಫೂ ಅಕ್ಕ ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಕೂತು, ತನ್ನ ಹೆಬ್ಬೆರಳನ್ನೇ ನೋಡುತ್ತ ಹೇಳಿದಳು: ‘ನಾನೂ ಇದ್ದೀನಿ ಕಣೇ ಅಲ್ಲಿ. ಮೊಣಕೈಯಿಂದ ಸ್ವಲ್ಪ ಕೆಳಗೆ.’