ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು

ಒಮಾನ್ ದೇಶದ ನಿಜ್ವಾ ಊರಿನ ಭಾರತೀಯ ಶಾಲೆಯೊಂದರಲ್ಲಿ ನಾನು ಎಲ್‌ಕೆಜಿ ಮಕ್ಕಳಿಗೆ ಅಂಕಿ ಕಲಿಸುತ್ತೇನೆ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಹದಿನಾರು ವರ್ಷಗಳಿಂದ ಇದೇ ಕಸುಬು. ಹಾಗಾಗಿ ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದು, ಬಲಗೈಯ ಜತೆಗೆ ಅಂಕಿಗಳೂ ಹೋಗಿವೆ ಎಂದು ಆಸ್ಪತ್ರೆಯವರು ಹೇಳಿದಾಗ, ಅದೆಂಥ ಮಹಾ ವಿದ್ಯೆ, ನಾನೇ ಕಲಿಸಿಬಿಡುತ್ತೇನೆ ಎಂದುಕೊಂಡೆ. ನನಗೆ ಅಷ್ಟು ಸೊಕ್ಕಿತ್ತು.

ಇವರು ಖರ್ಜೂರದ ತೋಟಗಳಿಗೆ ಪಂಪು, ಪೈಪು, ವಾಲ್ವು ಮಾರುವ ಕಂಪನಿಯ ಸ್ಟೋರ್‌ಕೀಪರ್. ಗೋದಾಮಿನಲ್ಲಿ ನಾಲ್ಕು ಸಾಲು, ಸಾಲಿಗೆ ಎಂಟರಂತೆ ಮೂವತ್ತೆರಡು ರ‍್ಯಾಕು. ಒಂದೊಂದರ ಮೇಲೂ ನಂಬರ್ ಬರೆದಿದೆ. ಕೌಂಟರಿನಿಂದ ನಂಬರ್ ಬರೆದ ಚೀಟಿ ಬರುತ್ತದೆ, ಇವರು ಆ ರ‍್ಯಾಕಿನಿಂದ ಮಾಲು ತೆಗೆದುಕೊಡಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವರು ಈಗ ಹದಿನೇಳು ಎಂದು ಬರೆದು ತೋರಿಸಿದರೆ ಗೋಡೆಯ ಬಿರುಕನ್ನು ನೋಡಿದ ಹಾಗೆ ನೋಡುತ್ತಿದ್ದರು. ಕಂಪನಿಯ ಯಜಮಾನರೇ ನಮ್ಮ ಕಫೀಲ್, ನಮ್ಮ ವೀಸಾ ಅವರ ಹೆಸರಿನಲ್ಲೇ ಇರುವುದು. ಒಳ್ಳೆಯ ಮನುಷ್ಯ. ಮೂರು ತಿಂಗಳು ರಜೆ ಕೊಟ್ಟು, ಅಷ್ಟರಲ್ಲಿ ಕೆಲಸಕ್ಕೆ ಆಗುತ್ತದೆಂದು ಆಸ್ಪತ್ರೆಯ ವರದಿ ಬಂದರೆ ಬರಲಿ, ಇಲ್ಲದಿದ್ದರೆ ವೀಸಾ ರದ್ದು ಮಾಡದೆ ಬೇರೆ ದಾರಿಯಿಲ್ಲ ಎಂದರು. ಮಗಳು ಹನ್ನೊಂದನೇ ತರಗತಿ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ವೀಸಾ ಹೋದರೆ ನಾವು ಮೂವರೂ ಹೊರಡಬೇಕು.

ಆಸ್ಪತ್ರೆಯಲ್ಲಿ ಮಾತು ಕಲಿಸುವವಳು ಚಿಕ್ಕ ವಯಸ್ಸಿನ ಒಮಾನಿ ಹೆಣ್ಣುಮಗಳು. ಬರೆದ ಅಂಕಿ ಇವರಿಗೆ ತಿಳಿಯದು ಎಂದು ಗೊತ್ತಾದ ಮೇಲೆ ಅವಳು ಮೇಜಿನ ಖಾನೆಯಿಂದ ಒಂದು ಕಟ್ಟು ಇಸ್ಪೀಟೆಲೆ ತೆಗೆದಳು. ಎಲೆಯ ಮೇಲಿನ ಚಿಹ್ನೆಗಳನ್ನಾದರೂ ಎಣಿಸುತ್ತಾರೋ ನೋಡೋಣ ಎಂದು. ಆಟಿನ್ ಒಂಬತ್ತು ಹಿಡಿದಳು. ಇವರು ಬಹಳ ಯೋಚಿಸಿ, ನಾಲಿಗೆಯನ್ನು ಎಳೆದೆಳೆದು, "ಎರಡು" ಎಂದರು. ಹತ್ತು ತೋರಿಸಿದರೆ "ಒಂದು." ಏಳು ತೋರಿಸಿದರೆ ಎಡಗೈ ಬೀಸಿ "ಏನಿಲ್ಲ" ಎಂದರು. ಗುಲಾಮನಿಗೆ ಮಾತ್ರ ತಡವಿಲ್ಲದೆ "ಮೂರು!" ಅದೂ ಏನೋ ಗೆದ್ದವರ ದನಿಯಲ್ಲಿ. ನಾನು ಇಂಗ್ಲಿಷಿನಲ್ಲಿ ಹೇಳಿದಂತೆಲ್ಲ ಅವಳು ತನ್ನ ಹಾಳೆಯಲ್ಲಿ ಒಂದರ ಕೆಳಗೊಂದು ಇಂಟು ಹಾಕುತ್ತ ಹೋದಳು. ನನ್ನ ತರಗತಿಯ ನಾಲ್ಕು ವರ್ಷದ ಮಗು ಕೂಡ ಒಂಬತ್ತು ಹೃದಯಗಳನ್ನು ಎರಡು ಎನ್ನುವುದಿಲ್ಲ. ಕಾರು ನಿಲ್ಲಿಸಿದ ಜಾಗಕ್ಕೆ ಬಂದು, ಇವರನ್ನು ಸೀಟಿನಲ್ಲಿ ಕೂರಿಸಿ, ಡಿಕ್ಕಿಯಲ್ಲಿ ಏನೋ ಹುಡುಕುವ ನೆಪ ಮಾಡಿ ಅತ್ತೆ.

ಮನೆಯಲ್ಲಿ ನನ್ನ ವಿದ್ಯೆಯನ್ನೂ ಪ್ರಯೋಗಿಸಿದೆ. ಮೂರು ಸೇಬು, ನಾಲ್ಕು ಚಿಟ್ಟೆ, ಐದು ಛತ್ರಿ. ಶಾಲೆಯಿಂದ ತಂದ ಚಿತ್ರಗಳನ್ನು ಇವರ ಮುಂದೆ ಹರಡಿ "ಹೇಳಿ ನೋಡುವ" ಎಂದು ರಾಗ ಎಳೆದೆ. ಐವತ್ತೆರಡು ವರ್ಷದ ಗಂಡಸು ಅದನ್ನೆಲ್ಲ ಎಡಗೈಯಲ್ಲಿ ಮೇಜಿನಿಂದ ಕೆಳಗೆ ತಳ್ಳಿದರು. ನಾನು ಗದರಿದೆ. ಏನೆಂದು ಗದರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಮಗಳು ಟಿವಿಯಲ್ಲಿ ಯೂಟ್ಯೂಬ್ ಹಾಕಿ ಒಂದು ಕಾರ್ಯಕ್ರಮ ಹುಡುಕಿದಳು. ಯಾವುದೋ ದೇಶದ ಸಿನಿಮಾ ನಟರು, ಆಟಗಾರರು, ಅಡುಗೆ ಮಾಡಿ ಹೆಸರಾದವರು ಹಸಿರು ಬಟ್ಟೆ ಹೊದಿಸಿದ ಅರ್ಧಚಂದ್ರದ ಮೇಜಿನ ಸುತ್ತ ಕೂತು ಬ್ಲ್ಯಾಕ್‌ಜಾಕ್ ಆಡುತ್ತಾರೆ. ಗೆದ್ದದ್ದೆಲ್ಲ ಅನಾಥಾಲಯಕ್ಕೋ ಆಸ್ಪತ್ರೆಗೋ ಹೋಗುತ್ತದಂತೆ. "ಪಪ್ಪನಿಗೆ ಹಾಸ್ಪಿಟಲ್‌ನಲ್ಲಿ ಕಾರ್ಡ್ಸ್ ತೋರಿಸ್ತಾರಲ್ಲ, ಇದೂ ಥೆರಪಿನೇ," ಎಂದಳು. ನನ್ನ ತವರಿನಲ್ಲಿ ಇಸ್ಪೀಟು ಮುಟ್ಟಿದವರು ಸ್ನಾನ ಮಾಡಿಯೇ ಒಳಗೆ ಬರಬೇಕಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗು ಮುರಿದೆ. ಒಬ್ಬಳು ನಟಿ ಎಲೆ ಎತ್ತುವ ಮೊದಲು ಅದಕ್ಕೆ ಮುತ್ತು ಕೊಡುತ್ತಿದ್ದಳು. ಇನ್ನೊಬ್ಬ ಸೋತಾಗಲೂ ಎಲ್ಲ ಹಲ್ಲು ತೋರಿಸುತ್ತಿದ್ದ. ಈ ಜನರಿಗೆ ಬೇರೆ ಕೆಲಸವಿಲ್ಲವೇ ಎನಿಸಿತು.

ಆಟ ಸರಳ. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಬಾರದು. ಹಂಚುವವನಿಗಿಂತ ಹೆಚ್ಚು ಬಂದರೆ ಗೆಲುವು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತು. ಆದರೆ ಈ ಕಾರ್ಯಕ್ರಮದಲ್ಲಿ ಸುತ್ತಿಗೊಂದು ತಿರುವು. ಒಂದು ಸುತ್ತಿನಲ್ಲಿ ಹಂಚುವವನು ತನ್ನ ಎರಡೂ ಎಲೆಗಳನ್ನು ತೋರಿಸಿಯೇ ಆಡುತ್ತಾನೆ. ಇನ್ನೊಂದರಲ್ಲಿ ಪಕ್ಕದವರ ಜತೆ ಒಂದು ಎಲೆ ಅದಲು ಬದಲು ಮಾಡಿಕೊಳ್ಳಬಹುದು. ಮತ್ತೊಂದರಲ್ಲಿ ಹಂಚುವವನಿಗೆ ಇಪ್ಪತ್ತೆರಡು ಬಂದರೆ ಯಾರಿಗೂ ಸೋಲಿಲ್ಲ, ಗೆಲುವಿಲ್ಲ. ಹೊಸ ನಿಯಮ ಹೇಳಿದಾಗಲೆಲ್ಲ ಆ ಪ್ರಸಿದ್ಧರ ಮುಖ ನೋಡಬೇಕು. ಹಿಂದಿನ ಸುತ್ತಿನಲ್ಲಿ ಮೆರೆದವರೇ ಈಗ ಪೆಚ್ಚು ಪೆಚ್ಚಾಗಿ ಕೂರುತ್ತಿದ್ದರು.

ಇವರು ಮಾತ್ರ ಸೋಫಾದಲ್ಲಿ ನೆಟ್ಟಗೆ ಕೂತರು. ತಿಂಗಳೊಂದರ ಮೇಲೆ ಅಷ್ಟು ನೆಟ್ಟಗೆ ಕೂತದ್ದು ಅದೇ ಮೊದಲು. ಟಿವಿಯಲ್ಲಿ ಯಾರಿಗೋ ಒಂಬತ್ತು ಮತ್ತು ಗುಲಾಮ ಬಂತು. ಅಲ್ಲಿಯವರು ಹತ್ತೊಂಬತ್ತು ಎಂದು ಕೂಗಿದರೆ ಇವರು "ಐದು" ಎಂದರು. ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಶುಕ್ರವಾರ, ಶನಿವಾರ ಎರಡು ದಿನ ಹೀಗೇ ಬರೆದು ನನ್ನ ಹತ್ತಿರ ಬಂದಳು.

"ಅಮ್ಮ, ಪಪ್ಪ ಇಸ್ ಕನ್ಸಿಸ್ಟೆಂಟ್. ನೈನ್ ಅಂಡ್ ಜಾಕ್ ಬಂದ್ರೆ ಎವ್ರಿ ಟೈಮ್ ಐದೇ ಹೇಳ್ತಾರೆ."

"ಯಾವಾಗಲೂ ತಪ್ಪೇ ಹೇಳಿದ್ರೆ ಅದೂ ಕನ್ಸಿಸ್ಟೆಂಟೇ. ಹೋಗಿ ಓದ್ಕೋ," ಎಂದೆ.

ಅದರ ಮುಂದಿನ ಶುಕ್ರವಾರ ಮಧ್ಯಾಹ್ನ ಇವರ ಹಳೆಯ ಗೆಳೆಯರೊಬ್ಬರು ಮಸ್ಕತ್ತಿನ ರೂವಿಯಿಂದ ಅಂಜಲ್ ಮೀನು ಹಿಡಿದುಕೊಂಡು ಬಂದರು. ಮದುವೆಗೆ ಮುಂಚೆ ಇಬ್ಬರೂ ರೂವಿಯಲ್ಲಿ ಒಂದೇ ಕೋಣೆಯಲ್ಲಿ ಇದ್ದವರು, ಇಬ್ಬರೂ ಉಡುಪಿ ಕಡೆಯವರು. ನಾನು ಮೀನು ತೊಳೆಯುತ್ತಿದ್ದೆ. ಟಿವಿಯಲ್ಲಿ ಎಲೆ ಬಿತ್ತು, ಇವರು "ಐದು" ಎಂದರು, ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಕಾಯಿಲೆಯವನನ್ನು ನೋಡಿ ನಗುವುದೇ ಎಂದು ಕೇಳಲು ಚಾಕು ಹಿಡಿದೇ ಹೊರಗೆ ಬಂದೆ.

"ಅಕ್ಕ, ಇವನದ್ದು ತಪ್ಪು ಅಂತ ಹೇಳಿದ್ದು ಯಾರು ಮಾರಾಯ್ರೆ? ಇವ ಇಪ್ಪತ್ತೆಂಟು ಆಡ್ತಾ ಇದ್ದಾನೆ! ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು. ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಮತ್ತೆ ಉಳಿದದ್ದಕ್ಕೆಲ್ಲ ಎಂತದೂ ಇಲ್ಲ. ಎರಡರಿಂದ ಆರರ ತನಕ ತೆಗೆದಿಟ್ಟು ಮೂವತ್ತೆರಡೇ ಎಲೆಯಲ್ಲಿ ಆಡುವುದು, ಇಡೀ ಕಟ್ಟಿನ ಪಾಯಿಂಟ್ ಕೂಡಿಸಿದ್ರೆ ಇಪ್ಪತ್ತೆಂಟು ಆಗ್ತದೆ, ಅದಕ್ಕೇ ಆ ಹೆಸರು. ನಾವು ರೂಮಿನಲ್ಲಿ ಎಷ್ಟು ವರ್ಷ ಆಡಿದ್ದೇವೆ!"

ನಾನು ಚಾಕು ಕೆಳಗಿಟ್ಟೆ. ಮಗಳು ನೋಟ್‌ಬುಕ್ ತಂದಳು. ಮೂವರೂ ಬಗ್ಗಿ ಒಂದೊಂದು ಸಾಲನ್ನೂ ತಾಳೆ ನೋಡಿದೆವು. ಎರಡೂವರೆ ಪುಟ. ಒಂದೇ ಒಂದು ತಪ್ಪಿರಲಿಲ್ಲ. ಆಸ್ಪತ್ರೆಯ ಹಾಳೆಯ ಇಂಟುಗಳು ಕಣ್ಣ ಮುಂದೆ ಬಂದವು. ಹತ್ತಕ್ಕೆ ಒಂದು, ಏಳಕ್ಕೆ ಏನಿಲ್ಲ, ಗುಲಾಮನಿಗೆ ಮೂರು, ಎಲ್ಲವೂ ಸರಿ. ಇಷ್ಟು ದಿನ ಆ ಮನುಷ್ಯ ಸೋಫಾದ ಮೂಲೆಯಲ್ಲಿ ಕೂತು ಸರಿಯುತ್ತರ ಹೇಳುತ್ತಲೇ ಇದ್ದರು, ನಾವು ಸಾಲಾಗಿ ನಿಂತು ತಪ್ಪು ಹಾಕುತ್ತಿದ್ದೆವು. ಇವರ ತಲೆಯೊಳಗೆ ಇಡೀ ಅಂಗಡಿ ಬಾಗಿಲು ತೆರೆದುಕೊಂಡೇ ಇತ್ತು, ನಾವು ಬೇರೆ ಬೀದಿಯಲ್ಲಿ ಹುಡುಕುತ್ತಿದ್ದೆವು. ನಾನು ಮೀನಿನ ವಾಸನೆಯ ಕೈಯಲ್ಲೇ ಇವರ ಮುಖ ಹಿಡಿದುಕೊಂಡೆ.

ಮಗಳು ನನಗಿಂತ ಬುದ್ಧಿವಂತೆ. ಟಿವಿ ನಿಲ್ಲಿಸಿ, ಇವರ ಎದುರು ಮಂಡಿಯೂರಿ ಕೂತು, ಕಾರ್ಯಕ್ರಮದ ನಿರೂಪಕನ ಹಾಗೆಯೇ ಕೈ ತಿರುಗಿಸುತ್ತ ಘೋಷಿಸಿದಳು: "ಪಪ್ಪ, ನ್ಯೂ ರೂಲ್! ಇದು ಇಪ್ಪತ್ತೆಂಟು ಅಲ್ಲ. ಇಲ್ಲಿ ಗುಲಾಮನಿಗೆ ಹತ್ತು, ರಾಣಿಗೆ ಹತ್ತು, ರಾಜನಿಗೂ ಹತ್ತು. ಬೇರೆ ಎಲೆಗೆ ಎಷ್ಟು ಚಿತ್ರ ಉಂಟೋ ಅಷ್ಟು."

ಇವರು ಹುಬ್ಬು ಗಂಟಿಕ್ಕಿದರು. "ರಾಜ... ನಿಗೂ?" ಎಂದರು, ಅನ್ಯಾಯವಾಯಿತು ಎಂಬಂತೆ. ಆಮೇಲೆ ನಕ್ಕರು. ಬಾಯಿ ಒಂದು ಕಡೆಗೆ ವಾಲಿತ್ತು, ಆದರೂ ಅದು ಇವರದೇ ನಗು. ಮಗಳು ಟಿವಿ ಮತ್ತೆ ಹಾಕಿದಳು, ಮುಂದಿನ ಎಲೆಗಳು ಬಿದ್ದವು, ಒಂಬತ್ತು ಮತ್ತು ಗುಲಾಮ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಇವರು "ಹತ್ತೊಂಬತ್ತು," ಎಂದರು.

ಅಲ್ಲಿಂದ ಮುಂದೆ ನಾನು ಕಂಡದ್ದನ್ನು ಯಾರಿಗೆ ಹೇಳಿದರೂ ಉತ್ಪ್ರೇಕ್ಷೆ ಎನ್ನುತ್ತಾರೆ. ಎಲೆ ಬದಲಿಸುವ ಸುತ್ತು ಬಂದರೆ, ಎಡಗಡೆಯವನ ಯಾವ ಎಲೆ ತೆಗೆದುಕೊಳ್ಳಬೇಕೆಂದು ಇವರು ಆ ನಟನಿಗಿಂತ ಮೊದಲೇ ಬೆರಳು ತೋರಿಸುತ್ತಿದ್ದರು. ಮುತ್ತು ಕೊಡುವ ನಟಿ ಹದಿನೆಂಟು ಇಟ್ಟುಕೊಂಡು ಮತ್ತೊಂದು ಎಲೆ ಕೇಳಿದಾಗ "ಬೇಡ!" ಎಂದು ಕಿರುಚಿದರು. ಪಾಪ, ಅವಳಿಗೆ ಕೇಳಿಸಲಿಲ್ಲ. ನಿಯಮ ಬದಲಾದಂತೆಲ್ಲ ಆ ಹೆಸರುವಾಸಿಗಳು ತಡವರಿಸಿದರೆ, ಅರ್ಧ ನಾಲಿಗೆಯ ನನ್ನ ಗಂಡ ತಡವರಿಸುತ್ತಿರಲಿಲ್ಲ. ನಾನು ಅಡುಗೆಮನೆಯ ಬಾಗಿಲು ಬಿಟ್ಟು ಬಂದು ಇವರ ಕಾಲ ಬಳಿ ಕೂತುಕೊಳ್ಳತೊಡಗಿದೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರನ್ನು ಹೊಸಬರನ್ನು ನೋಡಿದಂತೆ ನೋಡುತ್ತಿದ್ದೆ.

ಆಸ್ಪತ್ರೆಯ ಹುಡುಗಿಗೆ ಇಪ್ಪತ್ತೆಂಟರ ಕತೆ ಹೇಳಿದಾಗ ಅವಳು ಕಣ್ಣರಳಿಸಿ ಕೇಳಿ, ಹಳೆಯ ಹಾಳೆಯ ಇಂಟುಗಳನ್ನೆಲ್ಲ ಹೊಡೆದುಹಾಕಿದಳು. ಆದರೆ ಬರೆದ ಅಂಕಿ? ಅದು ಬರಲೇ ಇಲ್ಲ. ಕಳಾವರ್ ಏಳನ್ನು ತೋರಿಸಿದರೆ ಏಳೇ, ಕಾಗದದ ಮೇಲೆ ಬರೆದ ಏಳು ಬರೀ ಗೀಟು. ವರದಿಯಲ್ಲಿ ಅವಳು ನಿಜವನ್ನೇ ಬರೆದಳು: ಕೂಡಿಸಿ ಕಳೆಯಬಲ್ಲರು, ಬರೆದ ಅಂಕಿ ಓದಲಾರರು. ಮೂವತ್ತೆರಡು ನಂಬರುಗಳ ಗೋದಾಮಿಗೆ ಅಂಥ ಸ್ಟೋರ್‌ಕೀಪರ್ ಯಾಕೆ ಬೇಕು? ನಾನು ಯಾರಿಗೂ ಹೇಳದೆ ಸೂಟ್‌ಕೇಸುಗಳ ಧೂಳು ಒರೆಸಿಟ್ಟೆ.

ರಜೆಯ ಕೊನೆಯ ವಾರ ಕಫೀಲ್ ಮನೆಗೆ ಬಂದರು, ಸಂಜೆ ನಾಲ್ಕರ ಹೊತ್ತಿಗೆ, ಒಂದು ಡಬ್ಬಿ ಖರ್ಜೂರ ಹಿಡಿದು. ಅಪ್ಪ ಮಗಳು ಕಾರ್ಪೆಟ್ಟಿನ ಮೇಲೆ ಎಲೆ ಹರಡಿಕೊಂಡು, ಖರ್ಜೂರದ ಬೀಜಗಳನ್ನು ಪಣಕ್ಕಿಟ್ಟು ಆಡುತ್ತಿದ್ದರು. ಈ ದೇಶದಲ್ಲಿ ಜೂಜಿಗೆ ಜೈಲು. ಸೋಫಾದ ಮೇಲಿದ್ದ ನನ್ನ ಶಾಲು ಎಳೆದು ಎಲೆಗಳ ಮೇಲೆ ಹೊದಿಸಿದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಶಾಲಿನ ಅಂಚಿನಿಂದ ಇಣುಕುತ್ತಿದ್ದ ರಾಣಿಯನ್ನು ನೋಡಿದರು. "ದುಡ್ಡು ಇಲ್ಲ ಅಲ್ಲವಾ, ಟೀಚರ್? ಮತ್ತೆ ಯಾಕೆ ಹೆದರಿಕೆ? ನಾವೂ ಮನೆಯಲ್ಲಿ ಆಡ್ತೇವೆ," ಎಂದು ಅವರ ಹಿಂದಿಯಲ್ಲಿ ಹೇಳಿ ನೆಲದ ಮೇಲೇ ಕೂತರು.

ಕಾಫಿ ಕುಡಿದಾದ ಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ಇವರ ಮುಂದಿಟ್ಟರು. ಅದರಲ್ಲಿ ನಂಬರ್ ಇತ್ತು. ಇವರು ನೋಡಿದರು. ತುಂಬಾ ಹೊತ್ತು ನೋಡಿದರು. ಎಡಗೈಯ ಬೆರಳನ್ನು ಆ ಗೀಟುಗಳ ಮೇಲೆ ಎಳೆದರು. ಕಫೀಲ್ ಚೀಟಿಯನ್ನು ಮೆಲ್ಲಗೆ ಮಡಚಿ, ಇವರ ಮೊಣಕಾಲಿನ ಮೇಲೆ ಕೈಯಿಟ್ಟರು. ಅವರು ಮುಂದೆ ಏನು ಹೇಳುತ್ತಾರೆಂದು ನಮ್ಮೆಲ್ಲರಿಗೂ ಗೊತ್ತಿತ್ತು.

ಆಗ ಇವರು ಶಾಲನ್ನು ಪಕ್ಕಕ್ಕೆ ಎಳೆದರು. ಎಡಗೈಯಲ್ಲಿ ಎಲೆಗಳನ್ನು ಆರಿಸಿ ಆರಿಸಿ, ಕಾರ್ಪೆಟ್ಟಿನ ಮೇಲೆ ಜೋಡಿಸತೊಡಗಿದರು. ಮೊದಲ ಸಾಲು ಇಸ್ಪೀಟು, ಇಪ್ಪತ್ತೆಂಟರ ಕ್ರಮದಲ್ಲಿ: ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ಅದರ ಕೆಳಗೆ ಆಟಿನ್. ಅದರ ಕೆಳಗೆ ಕಳಾವರ್, ಕೊನೆಗೆ ಡೈಮಂಡ್. ಒಂದೇ ಕೈಯಾದ್ದರಿಂದ ಬಹಳ ಹೊತ್ತು ಹಿಡಿಯಿತು. ಸಹಾಯಕ್ಕೆ ಹೋದ ಮಗಳ ಕೈಯನ್ನು ಸರಿಸಿದರು. ಆಮೇಲೆ ಮೊದಲ ಗುಲಾಮನ ಮೇಲೆ ಬೆರಳಿಟ್ಟು, "ಫುಟ್... ವಾಲ್ವು," ಎಂದರು. ಒಂಬತ್ತರ ಮೇಲೆ, "ಗ್ಯಾಸ್ಕೆಟ್." ಎಕ್ಕದ ಮೇಲೆ, "ಬೆಂಡು. ಕೆಳಗೆ... ಕಪ್ಲಿಂಗ್."

ನನಗೆ ಏನೂ ಅರ್ಥವಾಗಲಿಲ್ಲ. ಕಫೀಲ್‌ಗೆ ಆಯಿತು. ಅವರು ಮಂಡಿಯ ಮೇಲೆ ಎದ್ದು, ನಾಲ್ಕು ಸಾಲುಗಳನ್ನೂ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಇದು ನನ್ನ ಗೋದಾಮು, ಒಂದು ಎಲೆಗೆ ಒಂದು ರ‍್ಯಾಕು," ಎಂದರು ಪಿಸುಮಾತಿನಲ್ಲಿ. ಆಮೇಲೆ ಒಂದೊಂದೇ ಎಲೆ ಮುಟ್ಟಿ ಕೇಳುತ್ತ ಹೋದರು, ಇವರು ಒಂದೊಂದೇ ಹೇಳುತ್ತ ಹೋದರು. ಮೂವತ್ತೆರಡೂ ಆಯಿತು. ಎಲ್ಲಿಯೂ ತಪ್ಪಲಿಲ್ಲ. ಕೊನೆಯ ಡೈಮಂಡ್ ಏಳರ ಹೊತ್ತಿಗೆ ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರಿತ್ತು. ನಾನಂತೂ ಬಾಯಿಗೆ ಸೆರಗು ತುರುಕಿಕೊಂಡಿದ್ದೆ.

"ಭಾನುವಾರ ಬಾ," ಎಂದರು ಅವರು. "ಈ ಎಲೆಗಳನ್ನೂ ತಾ. ರ‍್ಯಾಕಿಗೆ ನಂಬರ್ ಬರೆದದ್ದು ನಾನೇ ತಾನೆ? ಅಳಿಸಿ ಇದನ್ನೇ ಅಂಟಿಸಿದರಾಯಿತು. ಉಳಿದವರು ಕಲಿಯಲಿ."

ಉಳಿದವರು ಕಲಿತರು. ಕೌಂಟರಿನವನು ಈಗ ಚೀಟಿಯಲ್ಲಿ ಎಲೆಯ ಚಿತ್ರ ಬರೆದು ಕಳಿಸುತ್ತಾನೆ. ಫೋರ್ಕ್‌ಲಿಫ್ಟ್ ಓಡಿಸುವ ಬಾಂಗ್ಲಾದವನು "ಕಳಾವರ್ ಗುಲಾಮ್!" ಎಂದು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಶಾಲೆ ಬಿಟ್ಟ ಮೇಲೆ ಇವರನ್ನು ಕರೆತರಲು ಹೋಗಿ ಆ ಸಾಲುಗಳ ನಡುವೆ ನಡೆಯುತ್ತೇನೆ. ಪ್ರತಿ ರ‍್ಯಾಕಿನ ನೆತ್ತಿಯಲ್ಲೂ ನಮ್ಮ ಮನೆಯ ಎಲೆಯೊಂದು ಪ್ಲಾಸ್ಟಿಕ್ಕಿನೊಳಗೆ ಕೂತಿರುತ್ತದೆ. ಎಣಿಕೆ ಒಂದರಿಂದಲೇ ಶುರುವಾಗಬೇಕೆಂದು ದಿನವೂ ಮಕ್ಕಳಿಗೆ ಪಾಠ ಮಾಡುವ ನಾನು, ಗುಲಾಮ, ಒಂಬತ್ತು, ಎಕ್ಕ, ಹತ್ತು ಎಂದು ಹೇಳಿಕೊಳ್ಳುತ್ತ ಇವರು ಕೂತಿರುವ ಮೇಜಿನವರೆಗೆ ಹೋಗುತ್ತೇನೆ.